ಕ್ಯಾದಿಗಿ ಕಡಿಯುವ ಮುನ್ನ



ಈದ್ ದಿನ ಶೀರ್ ಖುರ್ಮಾ ಇಳಿಸುವ ಹೊತ್ತಿಗೆ, ಮದುವೆಮನೆಯಲ್ಲಿ ಬಿರಿಯಾನಿಯ ದೇಗಿನ ಮುಚ್ಚಳ ತೆರೆಯುವ ಹೊತ್ತಿಗೆ ಒಂದು ತಂಪಾದ ಪರಿಮಳ ಮೂಗಿಗೆ ಬಡಿಯುತ್ತದಲ್ಲ, ಅದು ಕೇವಡಾ. ಅಂಗಡಿಯಿಂದ ಸಣ್ಣ ಬಾಟಲಿ ತಂದು ಎರಡು ಚಮಚ ಚಿಮುಕಿಸುತ್ತೇವೆ, ಬಾಟಲಿ ಕಪಾಟಿಗೆ ಸೇರುತ್ತದೆ. ಆ ಬಾಟಲಿಯೊಳಗಿನ ಕೇವಡಾ ಮತ್ತು ಹಳ್ಳದ ದಂಡೆಯಲ್ಲಿ ಮುಳ್ಳು ಚಾಚಿಕೊಂಡು ನಿಂತ ಕ್ಯಾದಿಗಿ ಎರಡೂ ಒಂದೇ ಎಂಬುದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು?

ಈ ಸಲ ಆ ಗಿಡದ ಬಗ್ಗೆ ಬರೆಯಲು ಎರಡು ಪತ್ರಗಳು ಕಾರಣ. ಮೊದಲನೆಯದು ಗಂಗಾವತಿ ತಾಲೂಕಿನ ಸಹೋದರಿಯೊಬ್ಬರದು. ಅವರ ಮನೆಯ ಹಿತ್ತಲಿಗೆ ತಾಗಿ ಕಾಲುವೆಯ ಬಸಿನೀರು ಹರಿಯುವ ತಗ್ಗಿದೆ. ಅಲ್ಲಿ ಅತ್ತೆ ನಲವತ್ತು ವರ್ಷಗಳ ಹಿಂದೆ ನೆಟ್ಟ ಕ್ಯಾದಿಗಿ ಈಗ ದೊಡ್ಡ ಮೆಳೆಯಾಗಿದೆ. ಮಳೆಗಾಲದಲ್ಲಿ ಹೂ ಬಿಟ್ಟರೆ ಓಣಿಯೇ ಘಮಘಮ. ಆದರೆ ಹೋದ ವರ್ಷ ಅದರೊಳಗಿಂದ ಹಾವೊಂದು ಹೊರಬಂದು ಬಚ್ಚಲುಮನೆಯವರೆಗೆ ಬಂದಿತಂತೆ. ಮನೆಯಲ್ಲಿ ಮೂರು ಮತ್ತು ಐದು ವರ್ಷದ ಮಕ್ಕಳಿದ್ದಾರೆ. ಪತಿ ಮತ್ತು ಮೈದುನ ಸೇರಿ, ಮೆಳೆ ಕಡಿಸಿ, ತಗ್ಗಿಗೆ ಗರಸು ತುಂಬಿಸಿ, ಮೇಲೆ ಕಾಂಕ್ರೀಟ್ ಹಾಕಿಸುವುದೆಂದು ತೀರ್ಮಾನಿಸಿದ್ದಾರೆ. ಅತ್ತೆ ಜಗಳವಾಡಲಿಲ್ಲ. ಒಂದೇ ಮಾತು ಹೇಳಿದರಂತೆ: "ಮೊದ್ಲ ಆ ನೀರು ಎಲ್ಲಿಗೆ ಹೊಕ್ಕತಿ ನೋಡ್ರಿ, ಆಮ್ಯಾಗ ಕಡೀರಿ." ಈಗ ಸೊಸೆಯ ಪ್ರಶ್ನೆ: "ಮಕ್ಕಳ ಭಯವೂ ಇದೆ, ಅತ್ತೆಯ ಮುಖವನ್ನೂ ನೋಡಲಾಗುತ್ತಿಲ್ಲ. ನಾನು ಯಾರ ಪಕ್ಷ ಹಿಡಿಯಲಿ?"

ಎರಡನೆಯ ಪತ್ರ ಕುಷ್ಟಗಿಯಿಂದ. "ನಮ್ಮದು ಮಳೆಯಿಲ್ಲದ ನಾಡು. ಕ್ಯಾದಿಗಿ ಹಚ್ಚುವ ಆಸೆ. ನೀರಿಲ್ಲದಲ್ಲಿ ಅದು ಬದುಕುತ್ತದೆಯೇ?"

ಒಬ್ಬರಿಗೆ ನೀರು ಹೆಚ್ಚಾಗಿ ಕಷ್ಟ, ಇನ್ನೊಬ್ಬರಿಗೆ ಕಡಿಮೆಯಾಗಿ ಕಷ್ಟ. ಎರಡೂ ಊರು ಒಂದೇ ಜಿಲ್ಲೆಯಲ್ಲಿವೆ. ಕೊಪ್ಪಳ ಜಿಲ್ಲೆಯ ಸ್ವಭಾವವೇ ಹಾಗೆ. 1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ಹೊಸ ಜಿಲ್ಲೆಯಾದಾಗ ಇದ್ದದ್ದು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕೇ ತಾಲೂಕುಗಳು. ತುಂಗಭದ್ರಾ ಎಡದಂಡೆ ಕಾಲುವೆಯಿಂದ ಗಂಗಾವತಿ ಭತ್ತದ ಕಣಜವಾಯಿತು. ಕುಷ್ಟಗಿ, ಯಲಬುರ್ಗಾಗಳು ಮುಗಿಲು ನೋಡುತ್ತಾ ಉಳಿದವು. ಈ ಕಡೆ ವರ್ಷಕ್ಕೆ ಬೀಳುವ ಮಳೆಯೇ ಸುಮಾರು 600 ಮಿಲಿಮೀಟರ್, ಅದೂ ಹೇಳಿದ ಕಾಲಕ್ಕೆ ಬರುವುದಿಲ್ಲ.

ಮೊದಲು ಗಿಡದ ಪರಿಚಯ ಮಾಡಿಕೊಳ್ಳೋಣ.

ಕ್ಯಾದಿಗಿ, ಕೇದಗೆ, ಕೇತಕಿ, ತಾಳೆಹೂ, ಕೇವಡಾ ಎಲ್ಲವೂ ಇದರ ಹೆಸರುಗಳೇ. ಸಸ್ಯಶಾಸ್ತ್ರದಲ್ಲಿ ಪ್ಯಾಂಡಾನಸ್ ಎನ್ನುತ್ತಾರೆ. ಇದು ನಮ್ಮದೇ ನೆಲದ ಗಿಡ. ಸಮುದ್ರದ ದಂಡೆ, ಹಳ್ಳದ ಬದಿ, ಕೆರೆಯ ಕೆಳಗಿನ ಜೌಗು ಇದಕ್ಕೆ ಪ್ರೀತಿಯ ಜಾಗಗಳು. ವರ್ಷವಿಡೀ ಹಸಿರು. ಎಲೆ ಕತ್ತಿಯಂತೆ ಉದ್ದ. ಎರಡೂ ಅಂಚಿನಲ್ಲಿ ಮತ್ತು ಕೆಳಬದಿಯ ನಡುನರದ ಮೇಲೆ, ಹೀಗೆ ಮೂರು ಸಾಲು ಮುಳ್ಳು. ಕಾಂಡದಿಂದ ಊರುಗೋಲಿನಂತಹ ಬೇರುಗಳು ನೆಲಕ್ಕಿಳಿದು ಗಿಡವನ್ನೂ ಅದು ನಿಂತ ಮಣ್ಣನ್ನೂ ಬಿಗಿಯಾಗಿ ಹಿಡಿಯುತ್ತವೆ. ನಮ್ಮ ಬಯಲುಸೀಮೆಯ ಬದುಗಳಲ್ಲಿ ಕಾಣುವ ಕತ್ತಾಳೆಯನ್ನು ಕೆಲವರು ಕ್ಯಾದಿಗಿ ಎಂದು ತಿಳಿಯುವುದುಂಟು. ಕತ್ತಾಳೆಯ ಎಲೆ ದಪ್ಪ, ರಸಭರಿತ. ಅದು ಹೊರದೇಶದಿಂದ ಬಂದ ಒಣನೆಲದ ಗಿಡ. ಎರಡಕ್ಕೂ ನಂಟಿಲ್ಲ.

ಕ್ಯಾದಿಗಿಯಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ನಾವು 'ಹೂ' ಎಂದು ಮುಡಿಯುವುದು, ಪೆಟ್ಟಿಗೆಯ ಬಟ್ಟೆಗಳ ನಡುವೆ ಇಡುವುದು ಗಂಡು ಗಿಡದ ತೆನೆಯನ್ನು ಸುತ್ತಿಕೊಂಡ ಕೆನೆಬಣ್ಣದ ಎಸಳುಗಳನ್ನು. ಹೆಣ್ಣು ಗಿಡದಲ್ಲಿ ಅನಾನಸಿನಂತಹ ಕಾಯಿ ಬಿಡುತ್ತದೆ, ಆ ಪರಿಮಳ ಇರುವುದಿಲ್ಲ. ವರ್ಷಗಟ್ಟಲೆ ಸಾಕಿದ ಮೇಲೆ "ನಮ್ಮ ಗಿಡ ಹೂವೇ ಬಿಡಲಿಲ್ಲ" ಎಂದು ದೂರುವವರ ಮನೆಯಲ್ಲಿ ಹೆಚ್ಚಾಗಿ ಇರುವುದು ಹೆಣ್ಣು ಗಿಡ.

ಈ ಗಿಡ ನಮ್ಮ ಜಿಲ್ಲೆಗೆ ಹೊಸದಲ್ಲ. ಕುಷ್ಟಗಿ ತಾಲೂಕಿನಲ್ಲಿ ಕ್ಯಾದಿಗುಪ್ಪ ಎಂಬ ಊರೇ ಇದೆ. ಹೆಸರು ಕೇಳಿದ ತಕ್ಷಣ ಕ್ಯಾದಿಗಿಯೇ ನೆನಪಾಗುತ್ತದೆ. ಇನ್ನು ಕೇವಡಾದ ರೂಢಿಗೂ ಇಲ್ಲಿ ಹಳೆಯ ಬೇರುಗಳಿವೆ. 1948ರವರೆಗೆ ಈ ಸೀಮೆ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಅತ್ತರು, ಬಿರಿಯಾನಿ, ಜರ್ದಾಗಳ ರುಚಿಯಲ್ಲಿ ಆ ನಂಟು ಇಂದಿಗೂ ಉಳಿದಿದೆ. ಕರಾವಳಿಯ ಓದುಗರಿಗೆ ಈ ಗಿಡ ಇನ್ನೊಂದು ರೀತಿಯಲ್ಲಿ ಗೊತ್ತು: ಮುಳ್ಳು ತೆಗೆದು, ಬೆಂಕಿಗೆ ಬಾಡಿಸಿದ ಎಲೆಯನ್ನು ಸುತ್ತಿ ಮಾಡಿದ ಕೊಟ್ಟೆಯಲ್ಲಿ ಬೇಯಿಸುವ 'ಮೂಡೆ' ಇದೇ ಬಳಗದ ಎಲೆಯದು. ಕೇರಳದಲ್ಲಿ ಇದೇ ಎಲೆಯಿಂದ ಚಾಪೆ ಹೆಣೆಯುತ್ತಾರೆ.

ಒಡಿಶಾದ ಗಂಜಾಂ ಜಿಲ್ಲೆಯಲ್ಲಂತೂ ಕೇವಡಾ ಸಾವಿರಾರು ಕುಟುಂಬಗಳ ಜೀವನೋಪಾಯ. ಅಲ್ಲಿ ಹೊಲದ ಬದುಗಳಲ್ಲಿ, ಹಳ್ಳಗಳ ದಂಡೆಯಲ್ಲಿ ಬೆಳೆದ ಹೂಗಳನ್ನು ನಸುಕಿನಲ್ಲೇ ಕೊಯ್ದು, ತಾಮ್ರದ ದೇಗಿನಲ್ಲಿ ನೀರಿನೊಂದಿಗೆ ಕುದಿಸಿ, ಆವಿಯನ್ನು ತಣಿಸಿ ಹಿಡಿಯುತ್ತಾರೆ. ಆವಿಯನ್ನು ಗಂಧದೆಣ್ಣೆಯಲ್ಲಿ ಹಿಡಿದರೆ ಅತ್ತರು, ಬರಿಯ ನೀರಾಗಿ ಹಿಡಿದರೆ ಕೇವಡಾ ಜಲ, ಶುದ್ಧ ತೈಲವನ್ನು ಬೇರ್ಪಡಿಸಿದರೆ 'ರೂಹ್'. ಗಂಜಾಂನ ಕೇವಡಾಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿದೆ. ಅಲ್ಲಿ ಬದುವಿನ ಗಿಡ ಮನೆ ನಡೆಸುತ್ತಿದ್ದರೆ, ಇಲ್ಲಿ ನಾವು ಅದನ್ನು ಕಡಿದು ಬೆಂಕಿಗೆ ಹಾಕುತ್ತಿದ್ದೇವೆ!

ಈಗ ಗಂಗಾವತಿಯ ಸಹೋದರಿಗೆ ಉತ್ತರ.

ನೀವು ಯಾರ ಪಕ್ಷವನ್ನೂ ಹಿಡಿಯಬೇಕಾಗಿಲ್ಲ. ನಿಮ್ಮ ಪತಿಯ ಭಯ ಸುಳ್ಳಲ್ಲ, ನಿಮ್ಮ ಅತ್ತೆಯ ಮಾತೂ ಸುಳ್ಳಲ್ಲ. ಎರಡನ್ನೂ ಬೇರೆಬೇರೆಯಾಗಿ ನೋಡಿ.

ಮೊದಲು ಅತ್ತೆಯ ಮಾತು. ನಿಮ್ಮ ಹಿತ್ತಲಿಗೆ ನೀರು ಬರುವುದು ಕ್ಯಾದಿಗಿ ಇರುವುದರಿಂದಲ್ಲ. ನೀರು ಬರುವುದರಿಂದ ಅಲ್ಲಿ ಕ್ಯಾದಿಗಿ ಬೆಳೆದಿದೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟಿನಿಂದ ನೀರು ಹರಿಯತೊಡಗಿದ ಮೇಲೆ ಕಾಲುವೆಯಿಂದ, ಗದ್ದೆಗಳಿಂದ ಬಸಿದ ನೀರು ತಗ್ಗು ಹುಡುಕಿಕೊಂಡು ನಿಲ್ಲತೊಡಗಿತು. ಎರೆ ಭೂಮಿಯಲ್ಲಿ ನೀರು ಬೇಗ ಇಂಗುವುದಿಲ್ಲ. ಎಷ್ಟೋ ಹೊಲಗಳು ಸವಳು-ಜವಳಾಗಿ ಹೋದವು. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಈ ಸವಳು-ಜವಳು ಭೂಮಿಯ ಸುಧಾರಣೆಯ ಬಗ್ಗೆಯೇ ಬಹಳ ವರ್ಷಗಳಿಂದ ಅಧ್ಯಯನ ನಡೆಯುತ್ತಿದೆ. ಅಲ್ಲಿನವರು ಹೇಳುವ ಮೊದಲ ಮಾತು ಕೂಡ ಇದೇ: ನೀರಿಗೆ ಹೊರಹೋಗಲು ದಾರಿ ಬೇಕು. ಆ ತಗ್ಗಿಗೆ ಗರಸು ತುಂಬಿ ಕಾಂಕ್ರೀಟ್ ಹಾಕಿದರೆ ನೀರು ಮಾಯವಾಗುವುದಿಲ್ಲ. ನಿಮ್ಮ ಅಡಿಗೆಮನೆಯ ಗೋಡೆಯ ಬುಡಕ್ಕೋ ನೆರೆಮನೆಯ ಅಂಗಳಕ್ಕೋ ಹೋಗುತ್ತದೆ. ಗೋಡೆಗೆ ತೇವ ಏರಿ ಸುಣ್ಣ ಉದುರಿದ ಮೇಲೆ ಕಾಂಕ್ರೀಟ್ ಒಡೆಸುವುದಕ್ಕಿಂತ ಈಗಲೇ ಯೋಚಿಸುವುದು ಒಳ್ಳೆಯದು.

ಇನ್ನು ಹಾವಿನ ಭಯ. "ಕೇದಗೆಯ ಪರಿಮಳಕ್ಕೆ ಹಾವು ಬರುತ್ತದೆ" ಎಂಬುದು ಹಳೆಯ ನಂಬಿಕೆ. ಹಾವಿಗೆ ಬೇಕಾದದ್ದು ಪರಿಮಳವಲ್ಲ. ಇಲಿ, ಕಪ್ಪೆ ಮತ್ತು ಅಡಗಲು ಜಾಗ. ಹತ್ತಾರು ವರ್ಷ ಒಣ ಎಲೆ ಕೊಯ್ಯದೆ ಬಿಟ್ಟ ಮೆಳೆಯ ಬುಡದಲ್ಲಿ ಈ ಮೂರೂ ಸಿಗುತ್ತವೆ. ಕಟ್ಟಿಗೆ ರಾಶಿಯಲ್ಲಿಯೂ, ಹಳೆ ಇಟ್ಟಿಗೆ ಗುಡ್ಡೆಯಲ್ಲಿಯೂ, ಭತ್ತದ ಹುಲ್ಲಿನ ಬಣವೆಯಲ್ಲಿಯೂ ಸಿಗುತ್ತವೆ. ಆದ್ದರಿಂದ ಮೆಳೆ ಕಡಿದು ಬಣವೆಯನ್ನು ಹಾಗೆಯೇ ಉಳಿಸಿಕೊಂಡರೆ ಭಯ ಕಡಿಮೆಯಾಗುವುದಿಲ್ಲ.

ನೀವು ಹೀಗೆ ಮಾಡಿ. ಬೇಸಿಗೆಯಲ್ಲಿ, ಹಗಲು ಹೊತ್ತಿನಲ್ಲಿ, ಕೆಲಸ ಗೊತ್ತಿರುವ ಇಬ್ಬರು ಆಳುಗಳನ್ನು ಕರೆಸಿ. ದಪ್ಪ ಕೈಗವಸು, ಮೊಣಕಾಲವರೆಗಿನ ಬೂಟು, ಉದ್ದ ಹಿಡಿಯ ಕುಡುಗೋಲು ಇರಲಿ. ಮೊದಲು ಉದ್ದನೆಯ ಕೋಲಿನಿಂದ ಮೆಳೆಯನ್ನು ಬಡಿದು ಸದ್ದು ಮಾಡಿಸಿ, ಸ್ವಲ್ಪ ಹೊತ್ತು ಬಿಡಿ. ಮನೆಯ ಕಡೆಗೆ ಚಾಚಿದ ಭಾಗವನ್ನು ಪೂರ್ತಿ ತೆಗೆಸಿ, ಮನೆಗೂ ಗಿಡಕ್ಕೂ ನಡುವೆ ಕಡಿಮೆಯೆಂದರೂ 25-30 ಅಡಿ ಬಯಲು ಬಿಡಿ. ಉಳಿದ ಗಿಡಗಳ ಬುಡದಿಂದ ಎರಡಡಿ ಎತ್ತರದವರೆಗೆ ಒಣ ಎಲೆಯೆಲ್ಲ ಕೊಯ್ಯಿಸಿ, ಬುಡದ ಆಚೆಬದಿ ಕಾಣುವಂತಿರಲಿ. ಬಯಲಿನಲ್ಲಿ ಕಟ್ಟಿಗೆ, ಇಟ್ಟಿಗೆ ಪೇರಿಸಬೇಡಿ. ಬಚ್ಚಲ ಮೋರಿಯ ಬಾಯಿಗೆ ಜಾಲರಿ ಹಾಕಿಸಿ. ರಾತ್ರಿ ಹಿತ್ತಲಿಗೆ ಹೋಗುವಾಗ ಬ್ಯಾಟರಿ ಹಿಡಿದೇ ಹೋಗಿ. ಪ್ರತಿ ವರ್ಷ ಮಳೆಗಾಲಕ್ಕೆ ಮೊದಲು ಈ ಕೊಯ್ಲು ತಪ್ಪಬಾರದು.

ಇಷ್ಟೆಲ್ಲ ಮಾಡಿದರೂ ಹಳ್ಳಿಯ ಬದುಕಿನಲ್ಲಿ ಹಾವು ಬರುವುದೇ ಇಲ್ಲವೆಂದು ಯಾರೂ ಹೇಳಲಾರರು. ಅಕಸ್ಮಾತ್ ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಗಾಯ ಕೊಯ್ಯುವುದು, ಬಾಯಿಂದ ಹೀರುವುದು, ನಾಟಿ ಔಷಧಿಗೆ ಓಡುವುದು ಯಾವುದೂ ಬೇಡ. ಕಚ್ಚಿದ ಕೈಕಾಲನ್ನು ಅಲುಗಾಡಿಸದೆ ನೇರವಾಗಿ ತಾಲೂಕು ಆಸ್ಪತ್ರೆಗೆ ಕರೆದೊಯ್ಯಿರಿ. ಹಾವಿನ ವಿಷಕ್ಕೆ ಇರುವ ಮದ್ದು ಪ್ರತಿವಿಷದ ಚುಚ್ಚುಮದ್ದು ಒಂದೇ. 2024ರಲ್ಲಿ ಕರ್ನಾಟಕ ಸರಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿದೆ. ಅಂದರೆ ಇದು ಎಷ್ಟು ಗಂಭೀರ ಎಂದು ನೀವೇ ಊಹಿಸಿ.

ಹಾವಿಗಿಂತ ಹೆಚ್ಚು ಗಮನ ಕೊಡಬೇಕಾದ ಇನ್ನೊಂದು ವಿಷಯವನ್ನು ನಿಮ್ಮ ಮನೆಯಲ್ಲಿ ಯಾರೂ ಹೇಳಿಲ್ಲ: ಸೊಳ್ಳೆ. ಕ್ಯಾದಿಗಿಯ ಎಲೆಗಳು ಕಾಂಡಕ್ಕೆ ಸೇರುವ ಸಂದಿಯಲ್ಲಿ ಮಳೆನೀರು ನಿಲ್ಲುತ್ತದೆ. ಡೆಂಗಿ ಹರಡುವ ಜಾತಿಯ ಸೊಳ್ಳೆಗಳಿಗೆ ಮೊಟ್ಟೆಯಿಡಲು ಅಷ್ಟು ನೀರೇ ಸಾಕು. ಮಲಗುವ ಕೋಣೆಯ ಕಿಟಕಿಯ ಹತ್ತಿರ ಈ ಗಿಡ ಬೇಡವೇ ಬೇಡ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಪೈಪಿನಿಂದ ಜೋರಾಗಿ ನೀರು ಹಾಯಿಸಿ ಸಂದಿಗಳನ್ನು ತೊಳೆಯಿರಿ. ಮೊಟ್ಟೆ ಸೊಳ್ಳೆಯಾಗಲು ಒಂದು ವಾರಕ್ಕಿಂತ ಹೆಚ್ಚು ಹಿಡಿಯುವುದರಿಂದ ವಾರಕ್ಕೊಮ್ಮೆ ತೊಳೆದರೆ ಸರಪಳಿ ಕತ್ತರಿಸಿದಂತೆ.

ಈಗ ಕುಷ್ಟಗಿಯ ಸಹೋದರಿಗೆ. ಯಲಬುರ್ಗಾ, ಕೊಪ್ಪಳದ ಒಣಭೂಮಿಯ ಓದುಗರಿಗೂ ಇದು ಅನ್ವಯಿಸುತ್ತದೆ.

ನಿಮ್ಮಲ್ಲಿ ನೀರಿಲ್ಲ ಎಂದಿರಿ. ನಿಮ್ಮ ಬಚ್ಚಲ ನೀರು ದಿನವೂ ಎಲ್ಲಿಗೆ ಹೋಗುತ್ತಿದೆ? ಐದು ಜನರ ಮನೆಯಲ್ಲಿ ತಲೆಗೊಂದು ಬಕೆಟ್ ಎಂದರೂ ದಿನಕ್ಕೆ 75-100 ಲೀಟರ್ ನೀರು ಮೋರಿ ಸೇರಿ, ರಸ್ತೆಯಲ್ಲಿ ಕೆಸರಾಗಿ ಸೊಳ್ಳೆ ಸಾಕುತ್ತದೆ. ಅಷ್ಟು ನೀರು ಒಂದು ಪುಟ್ಟ ಜೌಗು ತೋಟಕ್ಕೆ ಸಾಕು.

ಹಿತ್ತಲ ತುದಿಯಲ್ಲಿ 8 ಅಡಿ ಉದ್ದ, 5 ಅಡಿ ಅಗಲ, 3 ಅಡಿ ಆಳದ ಗುಂಡಿ ತೆಗೆಸಿ. ಎರೆ ಮಣ್ಣಾದರೆ ಅದೇ ನೀರು ಹಿಡಿಯುತ್ತದೆ. ಮಸಾರಿ ಮಣ್ಣಾದರೆ ತಳಕ್ಕೆ, ಬದಿಗಳಿಗೆ ಒಂದಡಿ ಎತ್ತರದವರೆಗೆ ಮಾತ್ರ ಹಳೆಯ ತಾಡಪಾಲು ಹಾಸಿ. ಆಗ ತಳದಲ್ಲಿ ಒಂದಡಿ ತೇವ ಉಳಿದು, ಹೆಚ್ಚಾದದ್ದು ಇಂಗಿಹೋಗುತ್ತದೆ. ಮೊದಲು ಒಂದಡಿ ಇಟ್ಟಿಗೆ ಚೂರು, ಜಲ್ಲಿ. ಅದರ ಮೇಲೆ ಅರ್ಧ ಅಡಿ ಮರಳು. ಉಳಿದದ್ದಕ್ಕೆ ಕೆರೆಯ ಹೂಳು, ಕೊಟ್ಟಿಗೆ ಗೊಬ್ಬರ, ಮಣ್ಣು ಬೆರೆಸಿ ತುಂಬಿ. ಬಚ್ಚಲ ನೀರನ್ನು ಪೈಪಿನ ಮೂಲಕ ಜಲ್ಲಿಯ ಪದರಕ್ಕೆ ಬಿಡಿ. ಮೇಲೆ ನೀರು ನಿಂತು ಕಾಣಬಾರದು, ಕಾಲಿಟ್ಟರೆ ಮಣ್ಣು ತಂಪಾಗಿರಬೇಕು, ಅಷ್ಟೇ. ಬಟ್ಟೆ ಒಗೆದ ಸೋಪುಪುಡಿಯ ನೀರು, ಬ್ಲೀಚಿಂಗ್ ಪೌಡರ್, ಫಿನಾಯಿಲ್ ಬೆರೆತ ನೀರು ಇದಕ್ಕೆ ಬೇಡ.

ಗಿಡವನ್ನು ತಗ್ಗಿನ ನಡುವೆ ಮುಳುಗಿಸಬೇಡಿ. ಅಂಚಿನಲ್ಲಿ ಒಂದಡಿ ದಿಬ್ಬ ಮಾಡಿ ಅದರ ಮೇಲೆ ನೆಡಿ. ಕ್ಯಾದಿಗಿ ಬೇರು ತೇವ ಹುಡುಕಿಕೊಂಡು ಹೋಗುತ್ತದೆ, ಆದರೆ ಎಳೆಯ ಗಿಡದ ಸುಳಿ ನೀರಿನಲ್ಲಿ ನಿಂತರೆ ಕೊಳೆಯುತ್ತದೆ. ಬೀಜದ ಗಿಡಕ್ಕೆ ಆಸೆಪಡಬೇಡಿ. ಹೂ ಬಿಡುವುದನ್ನು ಕಣ್ಣಾರೆ ಕಂಡ ಗಂಡು ಗಿಡದ ಬುಡದಿಂದ, ಒಂದೆರಡು ಬೇರು ಇರುವ, ಒಂದೂವರೆ ಅಡಿಯ ಮರಿಯನ್ನು ಕೇಳಿ ತನ್ನಿ. ಮುಂಗಾರಿನ ಮೊದಲ ಹದ ಮಳೆಯ ನಂತರ, ಎಲೆಗಳನ್ನು ಅರ್ಧಕ್ಕೆ ಕತ್ತರಿಸಿ, ಸುಳಿಗೆ ಮಣ್ಣು ಬೀಳದಂತೆ ನೆಡಿ. ಎರಡು ಗಿಡ ನೆಡುವುದಾದರೆ ನಡುವೆ 8-10 ಅಡಿ ಅಂತರ ಇರಲಿ. ಮೊದಲ ವರ್ಷದ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟಿದಾಗ ಒಂದು ಚೀಲದ ನೆರಳು ಕೊಡಿ. ಆಮೇಲೆ ಅದು ನಿಮ್ಮನ್ನು ಕೇಳುವುದಿಲ್ಲ. ಹೂವಿಗೆ ಮೂರು-ನಾಲ್ಕು ವರ್ಷ ಕಾಯಬೇಕು.

ಉಳಿದ ಜಾಗದಲ್ಲಿ ಬಜೆ ಹಾಕಬಹುದು, ಕೆಸವು ಹಾಕಬಹುದು. ಆದರೆ ನೆನಪಿರಲಿ, ಬಚ್ಚಲ ನೀರಿನಲ್ಲಿ ಬೆಳೆದ ಯಾವ ಸೊಪ್ಪು, ಗಡ್ಡೆಯನ್ನೂ ಅಡಿಗೆಗೆ ಬಳಸಬೇಡಿ. ಒಂದೆಲಗ, ಹೊನಗೊನ್ನೆ ಬೇಕಿದ್ದರೆ ಒಳ್ಳೆಯ ನೀರು ಹಾಯುವ ಬೇರೆ ಮಡಿ ಮಾಡಿಕೊಳ್ಳಿ.

ಮನೆಗಿಂತಲೂ ಉತ್ತಮವಾದ ಇನ್ನೊಂದು ಜಾಗ ಇದೆ: ಮಸೀದಿಯ ಅಂಗಳ. ವುಝೂ ಮಾಡಿದ ನೀರಿನಲ್ಲಿ ಸೋಪು ಇಲ್ಲ, ಎಣ್ಣೆ ಇಲ್ಲ. ದಿನಕ್ಕೆ ಐದು ಸಲ ತಪ್ಪದೆ ಹರಿಯುತ್ತದೆ. ಎಷ್ಟೋ ಊರುಗಳಲ್ಲಿ ಆ ನೀರು ನೇರ ಚರಂಡಿಗೆ ಹೋಗುತ್ತಿದೆ. ಅದನ್ನು ಒಂದು ಮಡಿಗೆ ತಿರುಗಿಸಿ, ಮಕ್ಕಳು ಓಡಾಡದ ಮೂಲೆಯಲ್ಲಿ ಕ್ಯಾದಿಗಿ, ಈಚೆಗೆ ಬಾಳೆ ಹಾಕಿದರೆ ಹೇಗಿರುತ್ತದೆ? ನಿಮ್ಮ ಊರಿನ ಕಮಿಟಿಯವರ ಮುಂದೆ ಇದನ್ನು ಇಡುವಂತೆ ಮನೆಯ ಗಂಡಸರಿಗೆ ಹೇಳಿ ನೋಡಿ.

ಅಡಿಗೆಗೆ ಬಳಸುವ ಸುಗಂಧದೆಲೆಯ ಬಗ್ಗೆ ಹಲವರು ಕೇಳುತ್ತಾರೆ. ಅನ್ನಕ್ಕೆ ಬಾಸ್ಮತಿಯ ಪರಿಮಳ ಕೊಡುವ ಆ ಮುಳ್ಳಿಲ್ಲದ ಸಣ್ಣ ಗಿಡ ಇದೇ ಕುಲದ್ದಾದರೂ ಆಗ್ನೇಯ ಏಷ್ಯಾದಿಂದ ಬಂದದ್ದು. ಕುಂಡದಲ್ಲಿ, ನೆರಳಿನಲ್ಲಿ ಬೆಳೆಯಬಹುದು. ಆದರೆ ಅದರಿಂದ ಕೇವಡಾ ಹೂ ಸಿಗುವುದಿಲ್ಲ.

ಹೂ ಸಿಕ್ಕವರು ಮನೆಯಲ್ಲೇ ಕೇವಡಾ ಜಲ ಮಾಡಿ ನೋಡಬಹುದು. ನಸುಕಿನಲ್ಲಿ ಕೊಯ್ದ ಹೂವಿನ ಎಸಳುಗಳನ್ನು ತೊಳೆದು ಕತ್ತರಿಸಿ. ಅಗಲ ಪಾತ್ರೆಯ ನಡುವೆ ಒಂದು ಸಣ್ಣ ಸ್ಟ್ಯಾಂಡು, ಅದರ ಮೇಲೆ ಖಾಲಿ ಬಟ್ಟಲು ಇಡಿ. ಸುತ್ತಲೂ ಎಸಳು ಹಾಕಿ, ಮುಳುಗುವಷ್ಟು ನೀರು ಹೊಯ್ಯಿರಿ. ಮುಚ್ಚಳವನ್ನು ಬೋರಲು ಮುಚ್ಚಿ, ಅದರ ತಗ್ಗಿನಲ್ಲಿ ತಣ್ಣೀರು ಅಥವಾ ಮಂಜುಗಡ್ಡೆ ಇಡಿ. ಸಣ್ಣ ಉರಿಯಲ್ಲಿ ಅರ್ಧ ಗಂಟೆ ಕಾಯಿಸಿದರೆ ಆವಿ ಮುಚ್ಚಳಕ್ಕೆ ತಾಗಿ, ತಣಿದು, ಹನಿಹನಿಯಾಗಿ ಬಟ್ಟಲಿಗೆ ಬೀಳುತ್ತದೆ. ಅದೇ ಕೇವಡಾ ಜಲ. ಶುದ್ಧ ಬಾಟಲಿಯಲ್ಲಿ ಫ್ರಿಜ್ಜಿನಲ್ಲಿಟ್ಟು ಬೇಗ ಮುಗಿಸಿ. ಒಂದು ಹೂವಿನಿಂದ ಸಿಗುವುದು ಸ್ವಲ್ಪವೇ. ಆದರೆ ಅಗ್ಗದ ಬಾಟಲಿಗಳಲ್ಲಿ ಬರುವ ಕೃತಕ ಪರಿಮಳಕ್ಕೂ ಇದಕ್ಕೂ ಇರುವ ವ್ಯತ್ಯಾಸ ಒಮ್ಮೆ ಮೂಸಿದರೆ ತಿಳಿಯುತ್ತದೆ.

ಕೊನೆಯದಾಗಿ ಒಂದು ಮಾತು. ನಮ್ಮ ಕಾಲುವೆಗಳ ದಂಡೆಯಲ್ಲಿ ತಿಳಿನೇರಳೆ ಹೂವಿನ ಬೇಶರಮ್ ಗಿಡ ಹೇಗೆ ಹಬ್ಬಿದೆ ನೋಡಿದ್ದೀರಿ. ಅಮೆರಿಕ ಖಂಡದಿಂದ ಬಂದ ಗಿಡ ಅದು. ಆಡು ತಿಂದರೆ ವಿಷ, ಒಲೆಗೂ ಒಳ್ಳೆಯದಲ್ಲ. ಅದನ್ನು ಕಡಿಯಲು ಯಾರೂ ಆಳು ಕರೆಸುವುದಿಲ್ಲ. ದಂಡೆಯ ಮಣ್ಣು ಹಿಡಿದು, ಹೂ ಕೊಟ್ಟು, ಎಲೆ ಕೊಟ್ಟ ನಮ್ಮ ಕ್ಯಾದಿಗಿಯನ್ನು ಮಾತ್ರ ಮುಳ್ಳು ಎಂದು ಕಡಿಯುತ್ತೇವೆ. 2019ರಲ್ಲಿ ಕೊಪ್ಪಳದ ಗವಿಮಠದ ಸ್ವಾಮೀಜಿಯವರ ಮುಂದಾಳತ್ವದಲ್ಲಿ ಹಿರೇಹಳ್ಳವನ್ನು ಸ್ವಚ್ಛಗೊಳಿಸಿದಾಗ ಜಿಲ್ಲೆಯ ಜನ ಕೈಜೋಡಿಸಿದ್ದನ್ನು ಕಂಡೆವು. ಹಳ್ಳ ಸ್ವಚ್ಛವಾದರೆ ಸಾಲದು, ಅದರ ದಂಡೆ ಕುಸಿಯದಂತೆ ಹಿಡಿದುಕೊಳ್ಳುವ ಗಿಡಗಳೂ ಮರಳಿ ಬರಬೇಕು. ಅಂತಹ ಗಿಡಗಳ ಮರಿ ಎಲ್ಲಿಂದ ತರುವುದು? ಗಂಗಾವತಿಯ ಆ ಅತ್ತೆಯ ಹಿತ್ತಲಿನಂತಹ ಹಿತ್ತಲುಗಳಿಂದಲೇ.

ಆದ್ದರಿಂದ ಸಹೋದರಿ, ಮನೆ ಕಡೆಯ ಮೆಳೆಯನ್ನು ನಿಮ್ಮ ಪತಿ ತೆಗೆಸಲಿ, ಅದು ಅವರ ಹೊಣೆ. ಆದರೆ ತೆಗೆದ ಮರಿಗಳನ್ನು ಬೆಂಕಿಗೆ ಹಾಕಬೇಡಿ. ಬೇರು ಒಣಗದಂತೆ ಒದ್ದೆ ಚೀಲದಲ್ಲಿ ಸುತ್ತಿ ನೆರಳಿನಲ್ಲಿಡಿ. ಕುಷ್ಟಗಿಯ ಸಹೋದರಿಗೆ ಬೇಕಾದದ್ದು ಅಂತಹ ಎರಡು ಮರಿ. ಇಬ್ಬರೂ ಒಪ್ಪಿದರೆ ಒಬ್ಬರ ವಿಳಾಸ ಇನ್ನೊಬ್ಬರಿಗೆ ತಲುಪಿಸುತ್ತೇವೆ. ಉಳಿದ ಮರಿಗಳನ್ನು ತಗ್ಗಿನ ಆಚೆ ದಂಡೆಯಲ್ಲಿ ನೆಡಿಸಿ. ನೆಡುವಾಗ ಅತ್ತೆಗೊಂದು ಕುರ್ಚಿ ಹಾಕಿ ಕೂರಿಸಿ. ಯಾವ ಕಡೆಯಿಂದ ನೀರು ಬರುತ್ತದೆ, ಯಾವ ಕಡೆಗೆ ಹೋಗುತ್ತದೆ ಎಂಬುದು ನಿಮ್ಮ ಮನೆಯಲ್ಲಿ ಅವರಿಗೆ ಮಾತ್ರ ಸರಿಯಾಗಿ ಗೊತ್ತು.